ಜೆಮಿಮಾ ಅವರ ಮಾತೂ ಅದನ್ನು ಕತ್ತರಿಸಿದವರೂ

2025ರ ಅಕ್ಟೋಬರ್ 30ರಂದು ನವಿ ಮುಂಬೈಯಲ್ಲಿ, ಮಹಿಳಾ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ 338ನ್ನು ಬೆನ್ನಟ್ಟಿ ಜೆಮಿಮಾ ರಾಡ್ರಿಗಸ್ ಔಟಾಗದೆ ಹೊಡೆದ 127ರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ನನ್ನ ತಕರಾರು ಆಟ ಮುಗಿದ ಮೇಲೆ ಅವರಾಡಿದ ಮಾತಿಗೆ ಸಿಕ್ಕ ಹೊಗಳಿಕೆ, ಬೈಗುಳಗಳ ಬಗ್ಗೆ. ಎರಡೂ ಮಾತನ್ನು ಪೂರ್ತಿ ಕೇಳದೆ ಬಂದಂಥವು. ನಮ್ಮ ವೈಟ್‌ಫೀಲ್ಡ್ ಕಡೆಯ ಮೊಬೈಲುಗಳಲ್ಲಿ ಓಡಾಡಿದ ತುಣುಕಿನಲ್ಲಿ ಇದ್ದದ್ದು ಎರಡೇ: ಯೇಸುವಿಗೊಂದು ಕೃತಜ್ಞತೆ, ಒಂದು ಬೈಬಲ್ ವಚನ.

ಕೃತಜ್ಞತೆಯಲ್ಲಿ ವಿಶೇಷವಿಲ್ಲ, ಅದು ಪಡಿಯಚ್ಚಿನ ಮಾತು. 2007ರಲ್ಲಿ ಅಥೆನ್ಸ್‌ನ ಚಾಂಪಿಯನ್ಸ್ ಲೀಗ್ ಫುಟ್‌ಬಾಲ್ ಫೈನಲ್ ಗೆದ್ದ ಕಾಕಾ, ತಾನು ಯೇಸುವಿಗೆ ಸೇರಿದವನೆಂದು ಬರೆದ ಬನಿಯನ್ ತೋರಿಸಿದ್ದ. ಆಟಕ್ಕೆ ಮೊದಲೇ ಅಚ್ಚಾಗಿದ್ದ ಸಾಕ್ಷಿ ಅದು. ಆಟದಲ್ಲಿ ಏನು ನಡೆದರೂ ಅದರ ಒಕ್ಕಣೆ ಬದಲಾಗುವಂತಿರಲಿಲ್ಲ.

ಜೆಮಿಮಾ ವಚನ ನೆನೆದದ್ದು ಹಾಗಲ್ಲ. ಕೊನೆಕೊನೆಗೆ ಮೈಯಲ್ಲಿ ಕಸುವೇ ಉಳಿದಿರಲಿಲ್ಲ, ವಚನ ಹೇಳಿಕೊಳ್ಳುತ್ತ ಸುಮ್ಮನೆ ನಿಂತೆ, ನನ್ನ ಪರವಾಗಿ ದೇವರು ಹೋರಾಡಿದ ಎಂಬರ್ಥದಲ್ಲಿ ಅವರು ಹೇಳಿದರು. ಇನಿಂಗ್ಸ್‌ನ ವರದಿಯೆಂದು ಓದಿದರೆ ಇದು ಅಪ್ಪಟ ಸುಳ್ಳು. 134 ಎಸೆತ, 14 ಬೌಂಡರಿ, ಒಂದೂ ಸಿಕ್ಸರ್ ಇಲ್ಲ. ಅಂದರೆ 71 ರನ್ ಬಂದದ್ದು ಓಡಿ. ಎದುರು ತುದಿಯವರ ರನ್ನಿಗಾಗಿ ಓಡಿದ್ದು ಬೇರೆ. 82ರಲ್ಲಿದ್ದಾಗ ಅಲಿಸಾ ಹೀಲಿ ಕ್ಯಾಚ್ ಕೈಚೆಲ್ಲಿದ್ದನ್ನು ಬೇಕಿದ್ದರೆ ದೇವರ ಲೆಕ್ಕಕ್ಕೆ ಬರೆಯಿರಿ, ಆ ಓಟವನ್ನಲ್ಲ. ದಣಿವಿನ ವರದಿಯೆಂದು ಓದಿದರೆ ಮಾತ್ರ ಇದೇ ಮಾತು ಕರಾರುವಾಕ್ಕು. ಅದೇ ಟೂರ್ನಿಯಲ್ಲಿ ಇಂಗ್ಲೆಂಡ್ ವಿರುದ್ಧದ ಪಂದ್ಯಕ್ಕೆ ಅವರನ್ನು ಹೊರಗಿಟ್ಟಿದ್ದರು. ಹೆಚ್ಚುಕಡಿಮೆ ದಿನಾ ಅತ್ತಿದ್ದೇನೆ, ಆತಂಕದಿಂದ ಬಳಲಿದ್ದೇನೆ ಎಂದು ಆ ರಾತ್ರಿ ಅವರೇ ಹೇಳಿಕೊಂಡರು.

ಆ ವಚನ ವಿಮೋಚನಕಾಂಡದ 14ನೇ ಅಧ್ಯಾಯದ್ದು. ಮುಂದೆ ಕಡಲು, ಹಿಂದೆ ಫರೋಹನ ರಥಗಳು. ಹೆದರಿದ ಜನರಿಗೆ ಮೋಶೆ ಸುಮ್ಮನಿರಿ ಎನ್ನುತ್ತಾನೆ. ಮರುವಚನದಲ್ಲೇ ದೇವರು ಮೋಶೆಯನ್ನು ಕೇಳುವುದು, ನನಗೇಕೆ ಮೊರೆಯಿಡುತ್ತೀಯ ಎಂದು. ಜನರನ್ನು ಮುಂದಕ್ಕೆ ಹೊರಡಿಸಲು ಹೇಳುತ್ತಾನೆ. ಜೆಮಿಮಾ ಬಾಯಿ ಮೊದಲನೆಯದನ್ನು ಹೇಳಿತು, ಕಾಲು ಎರಡನೆಯದನ್ನು ಪಾಲಿಸಿತು. ಈ ಬಿರುಕೇ ಅವರ ಮಾತಿನ ಜೀವ. ಅದನ್ನು ಯಾರೂ ಮುಟ್ಟಲಿಲ್ಲ.

ಮುಟ್ಟದವರಲ್ಲಿ ಮೊದಲಿಗರು, ಮೈದಾನಕ್ಕೆ ಧರ್ಮ ತರಬೇಡಿ ಎಂದು ಪಾಠ ಹೇಳಿದವರು. ಪೀಣ್ಯದ ಲೇತ್‌ಗಳಿಗೆ ಆಯುಧಪೂಜೆಯಂದು ಕುಂಕುಮ ಹಚ್ಚಿ, ಎಲೆಕ್ಟ್ರಾನಿಕ್ ಸಿಟಿಯ ಕಂಪ್ಯೂಟರಿಗೂ ಹೂ ಮುಡಿಸುವ ಊರು ನಮ್ಮದು. ಕೆಲಸದ ಜಾಗದಲ್ಲಿ ದೇವರನ್ನು ಕಂಡು ನಾವು ಗಾಬರಿಯಾದದ್ದು ಯಾವಾಗ? ಕಾಡುಗೋಡಿಯ ಬೃಂದಾವನ ಆಶ್ರಮ ಯಾರದೋ ಆ ಸಾಯಿಬಾಬಾರಿಗೆ ಗಾವಸ್ಕರ್, ತೆಂಡೂಲ್ಕರ್ ಭಕ್ತರು. ಅದರಿಂದ ಕ್ರಿಕೆಟ್ ಮೈಲಿಗೆಯಾಯಿತೆಂದು ಇವರು ಬರೆದದ್ದನ್ನು ನಾನು ಓದಿಲ್ಲ. ಇನ್ನು ಕೆಲವರು 2024ರ ಖಾರ್ ಜಿಮ್ಖಾನಾ ಪ್ರಕರಣವನ್ನು ಎಳೆದು ತಂದರು. ಜೆಮಿಮಾ ತಂದೆ ಅಲ್ಲಿ ಧಾರ್ಮಿಕ ಸಭೆ ನಡೆಸಿದರೆಂಬ ಆಕ್ಷೇಪದ ಮೇಲೆ ಕ್ಲಬ್ಬು ಮಗಳ ಗೌರವ ಸದಸ್ಯತ್ವ ರದ್ದು ಮಾಡಿತ್ತು. ಮತಾಂತರದ ಆರೋಪವನ್ನು ತಂದೆ ನಿರಾಕರಿಸಿದ್ದರು. ಮಗಳ ಮಾತನ್ನು ಆ ಜಗಳದ ಅನುಬಂಧವಾಗಿ ಓದುವುದು ಸೋಮಾರಿತನ. ಆಕೆಯ ಮನೆತನದ ಮೂಲ ಮಂಗಳೂರು ಎಂದು ಬೀಗುವಾಗ, ಆ ಮೂಲದಲ್ಲಿ ಇಗರ್ಜಿಯೂ ಇದೆ ಎಂಬುದು ನಮಗೆ ಗೊತ್ತಿರಲಿಲ್ಲವೇ?

ಹೊಗಳಿದವರ ಮೇಲೆ ನನಗೆ ಇನ್ನೂ ಸಿಟ್ಟು. ದಣಿದವಳ ನಿವೇದನೆಯನ್ನು ಅವರು ಗೆಲುವಿನ ಜಾಹೀರಾತು ಮಾಡಿದರು. ನಂಬಿದರೆ ಗೆಲ್ಲುತ್ತೀರಿ ಎಂಬ ಶೀರ್ಷಿಕೆಗೆ ಹೊಂದುವಷ್ಟನ್ನೇ ಕತ್ತರಿಸಿಕೊಂಡರು. ಬಿಟ್ಟುಹೋದ ಭಾಗದಲ್ಲಿ ದೀಪ್ತಿ ಶರ್ಮಾ ಇದ್ದಾರೆ: ನನ್ನಿಂದ ಆಗದಿದ್ದಾಗ ಪ್ರತಿ ಎಸೆತಕ್ಕೂ ದೀಪ್ತಿ ಮಾತಾಡಿ ಹುರಿದುಂಬಿಸಿದರು ಎಂದು ಜೆಮಿಮಾ ಅಂದೇ ಹೇಳಿದ್ದರು. ಮೂರನೇ ವಿಕೆಟ್ಟಿಗೆ 167 ಸೇರಿಸಿದ ಹರ್ಮನ್‌ಪ್ರೀತ್ ಕೂಡ ಆ ಮಾತಿನಲ್ಲಿದ್ದರು. ಮೇಲಿನವನನ್ನೂ ಪಕ್ಕದಲ್ಲಿದ್ದವರನ್ನೂ ಒಂದೇ ಉಸಿರಿನಲ್ಲಿ ನೆನೆದ ಆ ಮಾತು ಕಾಕಾನ ಬನಿಯನ್ನಿಗಿಂತ ಎಷ್ಟೋ ಪಾಲು ದೊಡ್ಡದು. ಹೊಗಳಿದವರು ಅದನ್ನು ಬನಿಯನ್ನಿನ ಅಳತೆಗೆ ಕುಗ್ಗಿಸಿದರು.

ನವೆಂಬರ್ 2ರ ಫೈನಲ್‌ನಲ್ಲಿ ಜೆಮಿಮಾ 24ಕ್ಕೆ ಔಟಾದರು. ಅದರ ತುಣುಕನ್ನು ನನಗೆ ಯಾರೂ ಕಳಿಸಲಿಲ್ಲ. ಆ ದಿನ 58 ರನ್ ಹೊಡೆದು ಐದು ವಿಕೆಟ್ ಕಿತ್ತದ್ದು ದೀಪ್ತಿ.