ಪಲ್ಲಕ್ಕಿಯಿಂದ ಶುರುಮಾಡಿ

ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗ್ ಅರಮನೆಯ ಪಡುಗೋಡೆಯ ಯುದ್ಧಚಿತ್ರದ ಮುಂದೆ ಬಂದವರು ಬಹಳ ಹೊತ್ತು ನಿಲ್ಲುವುದಿಲ್ಲ. ಕುದುರೆ, ಕತ್ತಿ, ಉರುಳಿದ ತಲೆ ಎಲ್ಲ ಒಂದರ ಮೇಲೊಂದು ಹೇರಿದ ಹಾಗಿವೆ. ಕಣ್ಣು ಎಲ್ಲಿ ಊರಬೇಕೆಂದು ತಿಳಿಯದು. ಮೊದಲು ಪಲ್ಲಕ್ಕಿಯನ್ನು ಹುಡುಕಿ.

ಅದರಲ್ಲಿ ಕೂತವನು ಬ್ರಿಟಿಷ್ ಕರ್ನಲ್ ಬೈಲಿ. 1780ರ ಸೆಪ್ಟೆಂಬರ್ 10, ಕಂಚಿಯ ಹತ್ತಿರದ ಪೊಳ್ಳಿಲೂರಿನ ಯುದ್ಧ. ಗಾಯಗೊಂಡವನು ಬಾಯಿಗೆ ಬೆರಳಿಟ್ಟಿದ್ದಾನೆ. ಸುತ್ತ ಕೆಂಪು ಕೋಟಿನವರು ಚೌಕ ಕಟ್ಟಿ ನಿಂತಿದ್ದಾರೆ, ಎಲ್ಲರದೂ ಒಂದೇ ಅಚ್ಚು. ನಡುವೆ ಮದ್ದಿನ ಬಂಡಿ ಸಿಡಿಯುತ್ತಿದೆ. ಅಲ್ಲಿಂದ ನಿಧಾನವಾಗಿ ಹೊರಕ್ಕೆ ಬನ್ನಿ. ಮೈಸೂರಿನ ಸವಾರರು ನುಗ್ಗುತ್ತಿದ್ದಾರೆ, ಫ್ರೆಂಚ್ ಅಧಿಕಾರಿ ಲಾಲಿ ದುರ್ಬೀನು ಹಿಡಿದಿದ್ದಾನೆ. ಈ ಗದ್ದಲದಲ್ಲಿ ಟಿಪ್ಪು ಗುಲಾಬಿ ಮೂಸುತ್ತಿದ್ದಾನೆ! ಒಬ್ಬನ ಕೈಯಲ್ಲಿ ಹೂವು, ಇನ್ನೊಬ್ಬನ ಬೆರಳು ಬಾಯಲ್ಲಿ. ಇಷ್ಟರಲ್ಲೇ ಚಿತ್ರಕಾರ ಇಡೀ ಯುದ್ಧವನ್ನು ಹೇಳಿ ಮುಗಿಸಿದ್ದಾನೆ.

ದೂರದ್ದು ಚಿಕ್ಕದಾಗಬೇಕೆಂಬ ಲೆಕ್ಕವನ್ನು ಹೊರಗೇ ಬಿಟ್ಟು ಬನ್ನಿ. ಇಲ್ಲಿ ದೂರದ್ದು ಮೇಲಕ್ಕೇರುತ್ತದೆ, ಅಷ್ಟೆ. ಮೆಕ್ಸಿಕೋದ ಬೊನಾಂಪಾಕ್‌ನಲ್ಲಿ ಮಾಯಾ ಅರಸರು ಸುಮಾರು 790ರಲ್ಲಿ ಬರೆಸಿದ ಯುದ್ಧದ ಗೋಡೆಯೂ ಹೀಗೇ ಕಿಕ್ಕಿರಿದಿದೆ. ಎರಡರ ಮುಂದೆಯೂ ಕೇಳಬೇಕಾದ ಪ್ರಶ್ನೆ ಒಂದೇ: ಬರೆಸಿದವರು ಯಾರು, ಸೋತವನ ಮುಖ ಹೇಗಿದೆ?

ಇನ್ನು ಬಣ್ಣದ ಮಾತು. ಟಿಪ್ಪು ಈ ಅರಮನೆ ಕಟ್ಟಿಸಿದ್ದು 1784ರಲ್ಲಿ. 1799ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣಕ್ಕೆ ಹಾಕಿದ ಮುತ್ತಿಗೆಗೆ ಮುಂಚೆಯೇ ಚಿತ್ರದ ಮೇಲೆ ಸುಣ್ಣ ಬಿದ್ದಿತ್ತು. ಆಮೇಲೆ ಅರಮನೆಯಲ್ಲಿ ಬಿಡಾರ ಮಾಡಿದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಅದನ್ನು ಮತ್ತೆ ಬರೆಸಿದ. 1850ರ ದಶಕದಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಇನ್ನೊಮ್ಮೆ ಬರೆಸಿದ. ಸೋತ ಬ್ರಿಟಿಷರ ಕಡೆಯವರೇ ತಮ್ಮ ಸೋಲಿನ ಚಿತ್ರವನ್ನು ನಮಗೆ ಉಳಿಸಿಕೊಟ್ಟರು ಎಂಬುದು ನನಗೆ ಇಂದಿಗೂ ಬೆರಗು. ಹೀಗೆ ಮತ್ತೆ ಮತ್ತೆ ಬರೆಸಿದ್ದರಿಂದ ಪ್ರತಿ ಗೆರೆಯೂ ಟಿಪ್ಪುವಿನ ಕಾಲದ್ದೆಂದು ತಿಳಿಯಬೇಡಿ. ಯಾರನ್ನು ಎಲ್ಲಿ ನಿಲ್ಲಿಸಿದ್ದಾರೆ ಎಂಬುದರ ಮೇಲೆ ಕಣ್ಣಿಡಿ.

ಈ ಅಭ್ಯಾಸವಾದ ಮೇಲೆ ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿಗೆ ಹೋಗಿ. 13ನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿಯನ್ನು ನಿಂತಲ್ಲೇ ನಿಂತು ನೋಡಲಾಗದು, ಪ್ರದಕ್ಷಿಣೆ ಹಾಕುತ್ತ ಓದಬೇಕು. ಆನೆಯ ಸಾಲು, ಕುದುರೆಯ ಸಾಲು, ಬಳ್ಳಿಯ ಸಾಲು ದಾಟಿದರೆ ರಾಮಾಯಣ, ಮಹಾಭಾರತದ ಪಟ್ಟಿಕೆ ನಿಮ್ಮ ಜೊತೆಗೇ ನಡೆಯುತ್ತದೆ.

ದರಿಯಾ ದೌಲತ್‌ಗೆ ಮಾತ್ರ ಹೊರಡುವ ಮುನ್ನ ಅರ್ಧ ಗಂಟೆಯಾದರೂ ಕೊಡಿ. ಆ ಚಿತ್ರದಲ್ಲಿ ಹೈದರಾಬಾದಿನ ನಿಜಾಮನ ಸೈನ್ಯದ ಬಳಿ ಒಂದು ಹಸು, ಒಂದು ಹಂದಿ ಇವೆ; ಅವನನ್ನು ಹಂಗಿಸಲೆಂದೇ ಬರೆದವು. ಅವುಗಳನ್ನು ನೋಡದೆ ಹಿಂದಿರುಗಬೇಡಿ.