ಕಲೆ ಬೇರೆ, ಬಣ್ಣ ಬೇರೆ

ಸ್ಕಿನ್ ಕ್ಲಿನಿಕ್ಕುಗಳ ರೇಟ್ ಕಾರ್ಡನ್ನು ಒಮ್ಮೆ ದರ್ಶಿನಿಯ ತಿಂಡಿ ಬೋರ್ಡು ಓದಿದ ಹಾಗೆ ಮೇಲಿಂದ ಕೆಳಗೆ ಓದಿ ನೋಡಿ. ಪಾರ್ಟಿ ಪೀಲ್, ಬ್ರೈಡಲ್ ಪೀಲ್, ಗ್ಲೋ ಪೀಲ್, ಡೀ-ಟ್ಯಾನ್ ಪೀಲ್, ಲಂಚ್ ಟೈಮ್ ಪೀಲ್. ದರ್ಶಿನಿಯ ಬೋರ್ಡಿನಲ್ಲಿ ರವೆ ಇಡ್ಲಿ ಅಂತಿದ್ದರೆ ಅದರಲ್ಲಿ ರವೆ ಇರುತ್ತೆ. ಪಾರ್ಟಿ ಪೀಲ್‌ನಲ್ಲಿ ಏನಿರುತ್ತೆ? ಯಾವ ಆ್ಯಸಿಡ್, ಎಷ್ಟು ಪರ್ಸೆಂಟ್, ಮುಖದ ಮೇಲೆ ಎಷ್ಟು ನಿಮಿಷ? ನಾನು ನೋಡಿದ ಯಾವ ಕಾರ್ಡಿನಲ್ಲೂ ಅದಿರಲಿಲ್ಲ. ಚಿಕಿತ್ಸೆಗೆ ಅದರೊಳಗಿನ ಔಷಧಿಯ ಹೆಸರಿಡುವ ಬದಲು, ನೀವು ಮುಂದಿನ ವಾರ ಹೋಗಬೇಕಾದ ಫಂಕ್ಷನ್ನಿನ ಹೆಸರಿಟ್ಟಿದ್ದಾರೆ.

ಪೀಲ್ ಬಗ್ಗೆ ನನಗೆ ತಕರಾರಿಲ್ಲ. ಮೊಡವೆ ಬಿಟ್ಟುಹೋದ ಕಲೆಗಳಿಗೆ ನಾನೇ ನಾಲ್ಕು ಸಲ ಮಾಡಿಸಿಕೊಂಡಿದ್ದೇನೆ, ಉಪಯೋಗವೂ ಆಗಿದೆ. ತಕರಾರಿರೋದು ಅದನ್ನು ಮಾರುವ ಭಾಷೆಯ ಬಗ್ಗೆ. ಅದು ಬರೀ ಭಾಷೆಯ ವಿಷಯವಾಗಿದ್ದರೆ ಬಿಟ್ಟುಬಿಡಬಹುದಿತ್ತು. ಆದರೆ ಆ ಭಾಷೆ ಕೊನೆಗೆ ಬಂದು ಕೂರುವುದು ಯಾರದೋ ಮುಖದ ಮೇಲೆ.

ಕೆಮಿಕಲ್ ಪೀಲ್ ಅಂದರೆ ಸರಳವಾಗಿ, ಅಳತೆ ಮಾಡಿ ಸುಡುವುದು. ಆ್ಯಸಿಡ್ ಹಚ್ಚಿ ಚರ್ಮದ ಮೇಲ್ಪದರವನ್ನು ಬೇಕಾದಷ್ಟೇ ಆಳಕ್ಕೆ ಸಡಿಲಿಸಿ, ಅದು ಉದುರಿ ಹೊಸ ಪದರ ಬರುವ ಹಾಗೆ ಮಾಡುವುದು. ಇದೇನೂ ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಹ್ಯಾಂಬರ್ಗಿನ ಚರ್ಮವೈದ್ಯ ಪೌಲ್ ಗೆರ್ಸನ್ ಉನ್ನಾ 1882ರಲ್ಲೇ ಸ್ಯಾಲಿಸಿಲಿಕ್ ಆ್ಯಸಿಡ್, ರೆಸಾರ್ಸಿನಾಲ್, ಫೀನಾಲ್, ಟ್ರೈಕ್ಲೋರೋ ಅಸಿಟಿಕ್ ಆ್ಯಸಿಡ್‌ಗಳು ಚರ್ಮದ ಮೇಲೆ ಏನು ಮಾಡುತ್ತವೆ ಅಂತ ಬರೆದಿಟ್ಟಿದ್ದರು. ಈಗ ಎಲ್ಲರ ಬಾಯಲ್ಲಿರುವ ಗ್ಲೈಕಾಲಿಕ್ ಆ್ಯಸಿಡ್ ಮತ್ತದರ ಬಳಗ ಚರ್ಮವೈದ್ಯರ ಗಮನಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ವ್ಯಾನ್ ಸ್ಕಾಟ್ ಮತ್ತು ಯೂ ಎಂಬಿಬ್ಬರ ಕೆಲಸದಿಂದ. ಅವರ ಮುಂದೆ ಇದ್ದದ್ದು ಮದುಮಗಳ ಮುಖವಲ್ಲ. ಚರ್ಮ ಮೀನಿನ ಹುರುಪೆಯ ಹಾಗೆ ಒಣಗಿ ಬಿರಿಯುವ ಇಕ್ತಿಯೋಸಿಸ್ ಎಂಬ ಕಾಯಿಲೆ.

ಇಂಥ ಗಟ್ಟಿ ಹಿನ್ನೆಲೆ ಇರುವ ಚಿಕಿತ್ಸೆಯನ್ನು 'ಕಬ್ಬಿನಿಂದ ಬಂದ ನೈಸರ್ಗಿಕ ಆ್ಯಸಿಡ್' ಅಂತ ಮಾರುತ್ತಾರೆ. ಕಬ್ಬಿನಲ್ಲಿ ಗ್ಲೈಕಾಲಿಕ್ ಆ್ಯಸಿಡ್ ಇರೋದು ನಿಜ. ಬಾಟಲಿಯಲ್ಲಿ ಬರುವುದು ಸಾಮಾನ್ಯವಾಗಿ ಕಾರ್ಖಾನೆಯಲ್ಲಿ ತಯಾರಾದದ್ದು. ಅದರಲ್ಲಿ ತಪ್ಪೇನಿಲ್ಲ, ಅಳತೆಯಾದರೂ ಸರಿಯಾಗಿರುತ್ತೆ. ಮಂಡ್ಯದ ಗದ್ದೆ ತೋರಿಸಿ ಆ್ಯಸಿಡ್ ಹಚ್ಚುವ ಅಗತ್ಯ ಏನು ಅನ್ನೋದಷ್ಟೇ ನನ್ನ ಪ್ರಶ್ನೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಕನ್ನಡದಲ್ಲಿ ಮುಖದ ತೊಂದರೆಗಳಿಗೆ ಬೇರೆ ಬೇರೆ ಪದಗಳಿವೆ. ಮೊಡವೆ ಬೇರೆ. ಅದು ಹೋದಮೇಲೆ ಉಳಿಯುವ ಕಪ್ಪು ಕಲೆ ಬೇರೆ. ಚರ್ಮ ಒಳಕ್ಕೆ ಹೋಗಿ ಆಗುವ ಕುಳಿ ಬೇರೆ. ಕೆನ್ನೆಯ ಮೇಲೆ ಹರಡಿಕೊಳ್ಳುವ ಬಂಗು ಬೇರೆ. ಹುಟ್ಟಿದಾಗಿನಿಂದ ಇರುವ ಮೈಬಣ್ಣ ಇವೆಲ್ಲಕ್ಕಿಂತ ಬೇರೆ. ಪೀಲ್ ಈ ಐದರ ಜೊತೆ ಐದು ಥರ ನಡೆದುಕೊಳ್ಳುತ್ತೆ. ಮೊಡವೆಗೂ ಕಲೆಗೂ ಚೆನ್ನಾಗಿ ಕೆಲಸ ಮಾಡುತ್ತೆ. ಆಳದ ಕುಳಿಗೆ ಮಾಮೂಲಿ ಪೀಲ್ ಏನೂ ಮಾಡಲ್ಲ, ಅದಕ್ಕೆ ಬೇರೆ ವಿಧಾನಗಳಿವೆ. ಬಂಗಿಗೆ ಪೀಲ್ ಬರೀ ಸಹಾಯಕ. ಬಿಸಿಲು, ಹಾರ್ಮೋನು ಎರಡೂ ಅದರ ಹಿಂದಿರೋದರಿಂದ ಹೋದ ಬಂಗು ವಾಪಸ್ ಬರೋದು ಸಾಮಾನ್ಯ. ಮೈಬಣ್ಣಕ್ಕೆ?

ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀವಕೋಶಗಳು ಇರೋದು ಹೊರಚರ್ಮದ ತಳದಲ್ಲಿ. ಕಪ್ಪಗಿರುವವರಲ್ಲೂ ಬೆಳ್ಳಗಿರುವವರಲ್ಲೂ ಅವುಗಳ ಸಂಖ್ಯೆ ಹೆಚ್ಚುಕಮ್ಮಿ ಒಂದೇ. ಅವು ಎಷ್ಟು ಮೆಲನಿನ್ ಮಾಡುತ್ತವೆ, ಅದು ಹೇಗೆ ಹರಡುತ್ತೆ ಅನ್ನುವುದರಲ್ಲಿ ವ್ಯತ್ಯಾಸ. ಸಾಧಾರಣ ಪೀಲ್ ತೆಗೆಯೋದು ಮೇಲೆ ಬಂದು ಕೂತ ಹಳೇ ಸರಕನ್ನು. ಕೆಳಗೆ ಉತ್ಪಾದನೆ ಹಾಗೇ ನಡೀತಿರುತ್ತೆ. ಹೊರಚರ್ಮ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುತ್ತೆ, ಹೊಸದಾಗಿ ಬರೋದು ನಿಮ್ಮದೇ ಬಣ್ಣ. ಹಾಗಾದ್ರೆ ಇನ್ನೂ ಆಳಕ್ಕೆ ಹೋದ್ರೆ ಅಂತ ಕೇಳಬಹುದು. ಆಳದ ಪೀಲ್‌ಗೆ ಬಳಸುವ ಫೀನಾಲ್ ಹೃದಯದ ಬಡಿತವನ್ನೇ ಏರುಪೇರು ಮಾಡಬಲ್ಲದು, ಇಸಿಜಿ ನೋಡಿಕೊಂಡೇ ಮಾಡಬೇಕು. ನಮ್ಮಂಥ ಕಂದು ಚರ್ಮಕ್ಕೆ ಅದನ್ನು ಸಾಮಾನ್ಯವಾಗಿ ಮಾಡುವುದೇ ಇಲ್ಲ. ಯಾಕಂದ್ರೆ ನಮ್ಮ ಚರ್ಮ ಗಾಯವನ್ನು ಬಣ್ಣದಲ್ಲಿ ನೆನಪಿಟ್ಟುಕೊಳ್ಳುತ್ತೆ. ದೋಸೆ ಕಾವಲಿ ತಾಗಿದ ಜಾಗ ತಿಂಗಳುಗಟ್ಟಲೆ ಕಪ್ಪಗಿರುತ್ತಲ್ಲ, ಅದೇ. ಮೊಡವೆ ಕಲೆಯೂ ಅದೇ. ಜೋರಾಗಿ ಮಾಡಿದ ಪೀಲ್ ಬಿಟ್ಟುಹೋಗುವುದೂ ಅದನ್ನೇ.

ನನ್ನ ಚಿಕ್ಕಮ್ಮನ ಮಗಳಿಗೆ ಆದದ್ದು ಇದು. ಅವಳ ಮುಖದಲ್ಲಿ ಮೊಡವೆ ಇರಲಿಲ್ಲ, ಕಲೆ ಇರಲಿಲ್ಲ, ಬಂಗು ಇರಲಿಲ್ಲ. ಗಂಡಿನ ಕಡೆಯವರೊಬ್ಬರು "ಹುಡುಗಿ ಲಕ್ಷಣವಾಗಿದ್ದಾಳೆ, ಸ್ವಲ್ಪ ಬಣ್ಣ ಕಮ್ಮಿ" ಅಂದಿದ್ದರು. ಅಷ್ಟೇ. ಮದುವೆಗೆ ಐದು ವಾರ ಇತ್ತು. ಒಂದು ಕಡೆ ಬ್ರೈಡಲ್ ಪ್ಯಾಕೇಜಿನಲ್ಲಿ ಒಂದೇ ತಿಂಗಳೊಳಗೆ ಮೂರು ಪೀಲ್ ಮಾಡಿದರು. ಮೊದಲನೆಯದಾದ ಮೇಲೆ ಮುಖ ನಿಜವಾಗಲೂ ಹೊಳೀತಿತ್ತು, ಮನೆಯವರೆಲ್ಲ ಹೊಗಳಿದರು. ಮೂರನೆಯದರ ಮಾರನೇ ದಿನದಿಂದ ಅವಳು ಅಮ್ಮನ ಜೊತೆ ಲಗ್ನಪತ್ರಿಕೆ ಹಂಚೋಕೆ ಏಪ್ರಿಲ್ ಬಿಸಿಲಲ್ಲಿ ಊರೂರು ತಿರುಗಿದಳು. ಬಿಸಿಲಿಗೆ ಹೋಗಬಾರದು ಅಂತ ಯಾರೂ ಹೇಳಿರಲಿಲ್ಲ. ಧಾರೆಯ ದಿನ ಎರಡೂ ಕೆನ್ನೆಮೂಳೆಯ ಮೇಲೆ ಕಂದು ಪಟ್ಟಿ. ಮೇಕಪ್ಪಿನವಳು ಒಂದೂವರೆ ಗಂಟೆ ಅದನ್ನು ಮುಚ್ಚಿದಳು. ಚರ್ಮವೈದ್ಯರ ಹತ್ತಿರ ಹೋಗಿ ಅದು ಹೋಗೋಕೆ ಎಂಟು ತಿಂಗಳು ಹಿಡಿಯಿತು. ಕಲೆಯೇ ಇಲ್ಲದ ಹುಡುಗಿಗೆ ಕಲೆ ತೆಗೆಯುವ ಚಿಕಿತ್ಸೆ ಕೊಟ್ಟು ಕಲೆ ಮಾಡಿ ಕಳಿಸಿದ ಹಾಗಾಯಿತು.

ಆ ಜಾಗದವರು ಕಡಿಮೆ ಬೆಲೆಯ ಆ್ಯಸಿಡ್ ಬಳಸಿದ್ದರೋ, ಹೆಚ್ಚು ಹೊತ್ತು ಬಿಟ್ಟಿದ್ದರೋ ಅನ್ನೋ ಚರ್ಚೆ ನಮ್ಮ ಮನೇಲಿ ತುಂಬ ದಿನ ನಡೆಯಿತು. ನನಗೆ ಅದಕ್ಕಿಂತ ಹಿಂದಿನ ಹೆಜ್ಜೆ ಮುಖ್ಯ ಅನಿಸುತ್ತೆ. ಅಲ್ಲಿ ಯಾರೂ "ಏನು ತೊಂದರೆ?" ಅಂತ ಕೇಳಿರಲಿಲ್ಲ. ಬಣ್ಣವೇ ತೊಂದರೆ ಅಂತ ಎಲ್ಲರೂ ಒಪ್ಪಿಕೊಂಡೇ ಒಳಗೆ ಬಂದಿದ್ದರು.

ಇದು ಸಣ್ಣ ಪಾರ್ಲರಿನ ಕಥೆ, ದೊಡ್ಡ ಕ್ಲಿನಿಕ್ಕುಗಳಲ್ಲಿ ಹೀಗಾಗಲ್ಲ ಅನ್ನುವವರಿಗೆ ನನ್ನದೊಂದು ಅನುಭವ. ನಾನು ಮೊದಲು ವಿಚಾರಿಸಲು ಹೋದದ್ದು ಹವಾನಿಯಂತ್ರಿತ, ಹೆಸರಾಂತ ಜಾಗಕ್ಕೇ. ವೈದ್ಯರಿಗಿಂತ ಮುಂಚೆ ಕೌನ್ಸೆಲರ್ ಸಿಕ್ಕರು. ನನ್ನ ಗಲ್ಲದ ಕಲೆಗಳ ಬಗ್ಗೆ ಎರಡು ನಿಮಿಷ ಮಾತಾಡಿ, ಫಾರ್ಮಿನಲ್ಲಿ 'ಸ್ಕಿನ್ ಟೈಪ್ 5' ಅಂತ ಬರೆದು, "ಮ್ಯಾಮ್, ಆರು ಸಿಟ್ಟಿಂಗಲ್ಲಿ ನಿಮ್ಮನ್ನ 4ಕ್ಕೆ ತರಬಹುದು" ಅಂದರು. ಆರಕ್ಕೆ 24,000 ರೂಪಾಯಿ, ಇವತ್ತೇ ಕಟ್ಟಿದರೆ ಕುತ್ತಿಗೆ ಫ್ರೀ. ನಾನು ಎದ್ದು ಬಂದೆ.

ಆ ನಂಬರಿನ ಕಥೆ ಕೇಳಿ. ಹಾರ್ವರ್ಡಿನ ಚರ್ಮವೈದ್ಯ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಈ ವಿಂಗಡಣೆ ಮಾಡಿದ್ದು ಸೋರಿಯಾಸಿಸ್‌ಗೆ ಬೆಳಕಿನ ಚಿಕಿತ್ಸೆ ಕೊಡುವಾಗ ಎಷ್ಟು ಡೋಸ್ ಇಡಬೇಕು ಅಂತ ತಿಳಿಯೋಕೆ. ಬಿಸಿಲಿಗೆ ಚರ್ಮ ಸುಡುತ್ತದೋ ಕಪ್ಪಾಗುತ್ತದೋ ಅನ್ನೋದು ಅದರ ಅಳತೆ. ಮೊದಲು ಅದರಲ್ಲಿದ್ದದ್ದು ಬಿಳಿಯರು ಮಾತ್ರ. ಕಂದು, ಕಪ್ಪು ಚರ್ಮದವರನ್ನು ಆಮೇಲೆ 5 ಮತ್ತು 6 ಅಂತ ಸೇರಿಸಿದರು. ಪೀಲ್ ಮಾಡುವ ವೈದ್ಯರಿಗೆ ಈ ನಂಬರು ಒಂದು ಎಚ್ಚರಿಕೆ: ಇಲ್ಲಿ ಜೋರು ಮಾಡಿದರೆ ಕಪ್ಪು ಕಲೆ ಬೀಳುತ್ತೆ, ಹಗುರಾಗಿ ಹೋಗು ಅಂತ. ಅದು ಪರೀಕ್ಷೆಯ ಅಂಕವಲ್ಲ. 5ರಿಂದ 4ಕ್ಕೆ 'ಬಡ್ತಿ' ಅನ್ನೋದು ಅದರಲ್ಲಿಲ್ಲ. ಕಾಕತಾಳೀಯ ನೋಡಿ, ಭಾರತದಲ್ಲಿ ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದದ್ದೂ ಅದೇ 1975ರಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಆ ಕೌನ್ಸೆಲರ್ ತುಂಬಿಸಿದ ಫಾರ್ಮಿನಲ್ಲಿ ಎರಡೂ ಒಟ್ಟಿಗೆ ಕೂತಿದ್ದವು. ನಂಬರು ವೈದ್ಯರದ್ದು, ಆಸೆ ಕ್ರೀಮಿನದ್ದು.

ಪದಗಳು ಬದಲಾಗಿವೆ, ಒಪ್ಪುತ್ತೇನೆ. ಮೈಬಣ್ಣದ ಮೇಲೆ ಜನರನ್ನು ಕೀಳಾಗಿ ತೋರಿಸುವ ಜಾಹೀರಾತು ಕೂಡದು ಅಂತ ಜಾಹೀರಾತು ಮಾನದಂಡ ಮಂಡಳಿ 2014ರಲ್ಲಿ ಹೇಳಿತು. 2020ರಲ್ಲಿ ಆ ಕ್ರೀಮಿನ ಹೆಸರಲ್ಲಿದ್ದ 'ಫೇರ್' ಹೋಗಿ 'ಗ್ಲೋ' ಬಂತು. ಈಗ ಕ್ಲಿನಿಕ್ಕುಗಳಲ್ಲಿ 'ಬೆಳ್ಳಗೆ' ಅನ್ನೋ ಪದ ಕೇಳಿಸೋದು ಕಡಿಮೆ. ಬ್ರೈಟನಿಂಗ್, ರೇಡಿಯನ್ಸ್, ಈವನ್ ಟೋನ್. ತೊಂದರೆಯ ಹೆಸರು 'ಡಲ್‌ನೆಸ್'. ಡಲ್ ಅನ್ನೋದು ಯಾವ ಕಾಯಿಲೆ? ಹಿಂದಿನ ರಾತ್ರಿ ಎರಡು ಗಂಟೆವರೆಗೆ ರಿಲೀಸ್ ಕಾಲ್‌ನಲ್ಲಿದ್ದರೆ ಯಾರ ಮುಖವೂ ಡಲ್ಲೇ. ಹಳೇ ಪದವಾದರೆ ಜಗಳ ಆಡಬಹುದಿತ್ತು. ಹೊಸ ಪದಕ್ಕೆ ಅರ್ಥವೇ ಇಲ್ಲದಿರೋದರಿಂದ ಜಗಳವೂ ಆಡೋಕಾಗಲ್ಲ, ಬರೀ ದುಡ್ಡು ಕಟ್ಟಬಹುದು.

ಕೊನೆಗೆ ನಾನು ಪೀಲ್ ಮಾಡಿಸಿದ್ದು ಮೊದಲ ಮಹಡಿಯಲ್ಲಿರುವ, ಲಿಫ್ಟಿಲ್ಲದ ಒಂದು ಹಳೇ ಕ್ಲಿನಿಕ್ಕಿನಲ್ಲಿ. ಡಾಕ್ಟರ ಮೊದಲ ಪ್ರಶ್ನೆ: "ಮೊಡವೆ ಇನ್ನೂ ಬರ್ತಾ ಇದ್ಯೇನಮ್ಮಾ?" ಬರ್ತಿದೆ ಅಂದೆ. "ಮೊದಲು ಅದು ನಿಲ್ಲಲಿ. ನಲ್ಲಿ ತೆರೆದಿಟ್ಟು ನೆಲ ಒರೆಸಿ ಏನು ಪ್ರಯೋಜನ?" ಐಸೊಟ್ರೆಟಿನಾಯಿನ್ ಮಾತ್ರೆ ತಗೊಂಡಿದ್ದೀನಾ, ತುಟಿ ಹತ್ತಿರ ಸರ್ಪಸುತ್ತಿನಂಥ ಗುಳ್ಳೆ ಏಳುತ್ತಾ, ಬಸುರಿಯಾಗಿದ್ದೀನಾ, ಆಫೀಸಿಗೆ ಹೇಗೆ ಹೋಗ್ತೀನಿ, ಎಲ್ಲ ಕೇಳಿದರು. ಮೂರು ವಾರ ರಾತ್ರಿ ಕ್ರೀಮು, ಹಗಲು ಸನ್‌ಸ್ಕ್ರೀನು. ಆಮೇಲೆ ಸ್ಯಾಲಿಸಿಲಿಕ್ ಆ್ಯಸಿಡ್, 20%. ಅದು ಎಣ್ಣೆಯಲ್ಲಿ ಬೆರೆಯುವುದರಿಂದ ಮೊಡವೆಯ ರಂಧ್ರಕ್ಕೆ ಇಳಿಯುತ್ತೆ. ಹಚ್ಚಿದ ಕೂಡಲೇ ಉರಿ, ಮುಖದ ಮೇಲೆ ವಿಭೂತಿ ಬಳಿದ ಹಾಗೆ ಬಿಳಿ ಪುಡಿ, ಕೆಲವೇ ನಿಮಿಷದಲ್ಲಿ ಉರಿ ತಣ್ಣಗಾಗಿ ಮರಗಟ್ಟಿದ ಹಾಗೆ. ಗ್ಲೈಕಾಲಿಕ್ ಆಗಿದ್ದರೆ ಗಡಿಯಾರ ನೋಡಿಕೊಂಡು ಸೋಡಾ ನೀರಿನಂಥದ್ದರಿಂದ ಅದನ್ನು ನಿಲ್ಲಿಸಬೇಕಿತ್ತು, ಇದಕ್ಕೆ ಹಾಗಿಲ್ಲ ಅಂತ ಅವರೇ ವಿವರಿಸಿದರು. ಮೂರು ದಿನ ಬಾಯಿಯ ಸುತ್ತ ಸಿಪ್ಪೆ ಎದ್ದಿತು. ಮೂರು ತಿಂಗಳಲ್ಲಿ ನಾಲ್ಕು ಸಲ. ಕಲೆ ಅರ್ಧಕ್ಕಿಂತ ಜಾಸ್ತಿ ಹೋಯಿತು. ಎರಡು ಕುಳಿ ಹಾಗೇ ಇವೆ. ಹಾಗೇ ಇರುತ್ತವೆ ಅಂತ ಅವರು ಮೊದಲೇ ಹೇಳಿದ್ದರು. ಬಣ್ಣದ ಮಾತು ಒಂದು ಸಲವೂ ಬರಲಿಲ್ಲ.

ಮತ್ತೊಂದು ಕಡೆಯವರೂ ಇದ್ದಾರೆ: ಕೆಮಿಕಲ್ ಯಾಕೆ, ನಿಂಬೆರಸ ಹಚ್ಚು ಅನ್ನುವವರು. ನಿಂಬೆರಸವೂ ಆ್ಯಸಿಡ್ಡೇ, ಅಳತೆಯಿಲ್ಲದ್ದು. ಇನ್ನು ಆನ್‌ಲೈನಿನಲ್ಲಿ ಬಾಟಲಿ ತರಿಸಿ ಬಾತ್‌ರೂಮಿನಲ್ಲಿ ಹಚ್ಚಿಕೊಳ್ಳುವವರು. 30% ಅಂತ ಬರೆದಿದ್ದರೆ ಅದು ಅರ್ಧ ಮಾಹಿತಿ. ಅದೇ 30% ಬೇರೆ ಪಿಎಚ್‌ನಲ್ಲಿ ಬೇರೆ ಥರ ಕಚ್ಚುತ್ತೆ. ಜೋರಿನ ಪೀಲ್‌ಗಳನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ ಅಂತ ಅಮೆರಿಕದ ಎಫ್‌ಡಿಎ 2024ರಲ್ಲಿ ಎಚ್ಚರಿಸಿದ್ದು ಇದಕ್ಕೇ. ಪೀಲ್‌ನಲ್ಲಿ ನಾವು ದುಡ್ಡು ಕೊಡೋದು ಆ್ಯಸಿಡ್‌ಗಲ್ಲ, ಯಾವಾಗ ನಿಲ್ಲಿಸಬೇಕು ಅಂತ ಗೊತ್ತಿರುವ ಕಣ್ಣಿಗೆ. ಆ ಕಣ್ಣನ್ನೇ ಹಿಂದಕ್ಕೆ ತಳ್ಳಿ ಪ್ಯಾಕೇಜನ್ನು ಮುಂದಕ್ಕೆ ತರುವುದರಿಂದಲೇ 'ಲಂಚ್ ಟೈಮ್ ಪೀಲ್'ನಂಥ ಹೆಸರು ಹುಟ್ಟುವುದು. ಹೊಸ ಚರ್ಮಕ್ಕೆ ಬಿಸಿಲೇ ವೈರಿ. ಮಧ್ಯಾಹ್ನ ಒಂದಕ್ಕೆ ಆ್ಯಸಿಡ್ ಹಚ್ಚಿ, ಎರಡಕ್ಕೆ ಸ್ಕೂಟರಿನಲ್ಲಿ ಔಟರ್ ರಿಂಗ್ ರೋಡಿಗೆ ಕಳಿಸುವ ಐಡಿಯಾ ಯಾವ ಡಾಕ್ಟರದ್ದೂ ಆಗಿರಲಾರದು.

ಎಲ್ಲ ದೋಷವನ್ನೂ ಕ್ಲಿನಿಕ್ಕಿನ ತಲೆಗೆ ಕಟ್ಟುವುದೂ ಸುಲಭ. 'ಕಪ್ಪಾದ್ರೂ ಲಕ್ಷಣವಾಗಿದ್ದಾಳೆ' ಅನ್ನುವ ವಾಕ್ಯವನ್ನು ಯಾವ ಕ್ಲಿನಿಕ್ಕೂ ಕಂಡುಹಿಡಿಯಲಿಲ್ಲ. ಅದು ನಮ್ಮ ಮನೆಗಳದ್ದು, ಪ್ರೀತಿಯಿಂದಲೇ ಹೇಳುವಂಥದ್ದು. ಆ 'ಆದ್ರೂ' ಇದೆಯಲ್ಲ, ಬ್ರೈಡಲ್ ಪ್ಯಾಕೇಜು ಮಾರಾಟವಾಗೋದು ಅದರ ಮೇಲೆ. ಅದನ್ನು ಯಾವ ಆ್ಯಸಿಡ್ಡೂ ತೆಗೆಯಲ್ಲ. ಆರು ಸಿಟ್ಟಿಂಗ್ ಆದಮೇಲೂ ಅತ್ತೆ ಇನ್ನೊಂದು 'ಆದ್ರೂ' ಹುಡುಕುತ್ತಾರೆ.

ಪೀಲ್ ಮಾಡಿಸಬೇಕು ಅಂತಿದ್ದರೆ ಖಂಡಿತ ಮಾಡಿಸಿ. ಕಲೆಯಿಂದ ಕ್ಯಾಮೆರಾ ಆಫ್ ಮಾಡಿ ಮೀಟಿಂಗಿನಲ್ಲಿ ಕೂರುವ ಸಂಕಟ ನನಗೂ ಗೊತ್ತು, ಅದು ಚಿಕ್ಕದಲ್ಲ. ಹೋಗುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ. ನನಗಿರುವ ತೊಂದರೆಯ ಹೆಸರೇನು? ಯಾವ ಆ್ಯಸಿಡ್, ಎಷ್ಟು? ಹಚ್ಚುವವರು ಯಾರು, ಆಗ ಚರ್ಮವೈದ್ಯರು ಅಲ್ಲಿರುತ್ತಾರಾ? ಕಪ್ಪಾದರೆ ಏನು ಮಾಡ್ತೀರಿ? ಮೊದಲನೇ ಪ್ರಶ್ನೆಗೆ 'ಡಲ್‌ನೆಸ್' ಅಂತಲೋ 'ಟೋನ್' ಅಂತಲೋ ಉತ್ತರ ಬಂದರೆ ಉಳಿದ ಮೂರು ಕೇಳುವ ಅಗತ್ಯವಿಲ್ಲ, ಪರ್ಸು ಒಳಗಿಟ್ಟು ಹೊರಡಿ.