ಮುದ್ದಣನ ಸಂಕೋಚ, ಮನೋರಮೆಯ ಆಲಿಕೆ

ತಾನು ಬರೆದುದನ್ನು ಇನ್ನೊಬ್ಬರ ಮುಂದಿಡುವಾಗ ಅಳುಕದ ಬರಹಗಾರರು ವಿರಳ. ನಗುವರೇನೋ, ಹಳಿಯುವರೇನೋ, ‘ಇವನಿಗೇಕೆ ಈ ಉಸಾಬರಿ’ ಎನ್ನುವರೇನೋ ಎಂಬ ಸಂಕೋಚವು ಎಷ್ಟೋ ಕವಿತೆಗಳನ್ನು ಪೆಟ್ಟಿಗೆಯ ತಳದಲ್ಲಿಯೇ ಉಳಿಸಿಬಿಟ್ಟಿದೆ. ಕನ್ನಡ ಸಾಹಿತ್ಯದಲ್ಲಿ ಈ ಸಂಕೋಚದ ವಿಲಕ್ಷಣ ನಿದರ್ಶನವೆಂದರೆ ಮುದ್ದಣ. ಅದನ್ನು ಗೆಲ್ಲುವ ದಾರಿಯನ್ನು ತೋರಿದವನೂ ಅವನೇ ಎಂಬುದು ಇನ್ನೂ ಸೋಜಿಗದ ಸಂಗತಿ.

ಮುದ್ದಣನ ನಿಜನಾಮ ಲಕ್ಷ್ಮೀನಾರಣಪ್ಪ. 1870ರಲ್ಲಿ ಕಾರ್ಕಳದ ಬಳಿಯ ನಂದಳಿಕೆಯಲ್ಲಿ ಹುಟ್ಟಿದ ಈತ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ. ಬಡತನ ಬೆನ್ನು ಬಿಡಲಿಲ್ಲ. ‘ರತ್ನಾವತೀ ಕಲ್ಯಾಣ’, ‘ಕುಮಾರವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ರಚಿಸಿದ ಈ ಕವಿ ಹಳಗನ್ನಡವನ್ನು ಆಳವಾಗಿ ಅಭ್ಯಾಸ ಮಾಡಿ ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಎಂಬ ಕೃತಿಗಳನ್ನು ಬರೆದ. ಆದರೆ ಅವನ್ನು ಮೈಸೂರಿನ ವಿದ್ವಾಂಸರಿಗೆ ಕಳುಹಿಸುವಾಗ ತನ್ನ ರಚನೆಯೆಂದು ಹೇಳಿಕೊಳ್ಳಲಿಲ್ಲ. ಹಿಂದಿನ ಕವಿಗಳ ಕೃತಿಗಳೆಂಬಂತೆ ಮುಂದಿಟ್ಟ. ವ್ಯಾಯಾಮದ ಮೇಷ್ಟರೊಬ್ಬರ ಹಳಗನ್ನಡ ಕಾವ್ಯವನ್ನು ಯಾರು ಲೆಕ್ಕಿಸಿಯಾರು ಎಂಬ ಅಂಜಿಕೆಯೇ ಇದಕ್ಕೆ ಕಾರಣವಿರಬೇಕೆಂದು ಊಹಿಸಬಹುದು. 1901ರಲ್ಲಿ, ಮೂವತ್ತೊಂದರ ಹರೆಯದಲ್ಲಿಯೇ, ಕ್ಷಯರೋಗ ಅವನನ್ನು ಬಲಿ ತೆಗೆದುಕೊಂಡಿತು. ನಾಡು ಅವನನ್ನು ಕವಿಯೆಂದು ಗುರುತಿಸಿದ್ದು ಆ ಬಳಿಕ.

ಈ ಹಿನ್ನೆಲೆಯನ್ನು ಅರಿತು ‘ಶ್ರೀರಾಮಾಶ್ವಮೇಧ’ವನ್ನು ಓದಿದರೆ ಅದರ ಸ್ವಾರಸ್ಯ ಇಮ್ಮಡಿಸುತ್ತದೆ. ಪದ್ಮಪುರಾಣದಲ್ಲಿ ಬರುವ ರಾಮನ ಅಶ್ವಮೇಧದ ಕಥೆಯೇ ಅದರ ವಸ್ತು. ಆದರೆ ಓದುಗರ ಮನಸ್ಸಿನಲ್ಲಿ ನಿಂತದ್ದು ಯಜ್ಞದ ಕುದುರೆಯಲ್ಲ. ಮಳೆಗಾಲದಲ್ಲಿ ಮನೆಗೆ ಬಂದ ಮುದ್ದಣ, ಹೊತ್ತು ಕಳೆಯಲು ಕಥೆ ಹೇಳೆಂದು ಒತ್ತಾಯಿಸುವ ಅವನ ಮಡದಿ ಮನೋರಮೆ, ಇವರಿಬ್ಬರ ಸಲ್ಲಾಪ. ಕುದುರೆಯ ಬೆನ್ನಟ್ಟಿ ನಡೆಯುವ ಯುದ್ಧಗಳು ಒಂದರ ಹಿಂದೊಂದು ಬರುವಾಗ ಕಥನ ಭಾರವಾಗುವುದುಂಟು. ಆಗೆಲ್ಲ ಮನೋರಮೆಯ ಒಂದು ಪ್ರಶ್ನೆ, ಒಂದು ಕೊಂಕುನುಡಿ ಅದನ್ನು ಎತ್ತಿ ನಿಲ್ಲಿಸುತ್ತದೆ.

ಪಂಡಿತರ ಮುಂದೆ ಮುಖ ಮರೆಸಿಕೊಂಡವನು ತನ್ನ ಕೃತಿಯೊಳಗೆ ಮುದ್ದಣನೆಂಬ ಪಾತ್ರವಾಗಿ ಹೆಂಡತಿಯ ಪರಿಹಾಸ್ಯಕ್ಕೆ ತನ್ನನ್ನು ನಿಸ್ಸಂಕೋಚವಾಗಿ ಒಪ್ಪಿಸಿಕೊಳ್ಳುತ್ತಾನೆ! ಸಂಸ್ಕೃತದ ಉದ್ದುದ್ದ ಸಮಾಸಗಳಿಂದ ಅವನು ಆರಂಭಿಸಿದೊಡನೆ ಮನೋರಮೆ ತಡೆಯುತ್ತಾಳೆ. ತನಗೆ ಪದ್ಯ ಬೇಡ, ಗದ್ಯ ಬೇಕು. ಅದೂ ತಿಳಿಯುವ ಕನ್ನಡದಲ್ಲಿರಬೇಕು ಎನ್ನುತ್ತಾಳೆ. ಕವಿ ಮುನಿಯುವುದಿಲ್ಲ, ಮೌನಿಯಾಗುವುದೂ ಇಲ್ಲ. ತನ್ನ ಮಾತಿನ ಹದವನ್ನೇ ಬದಲಿಸುತ್ತಾನೆ.

ಮುದ್ದಣನ ಈ ಗ್ರಂಥ ನಮಗೆ ಕಲಿಸುವ ಪಾಠ ಇಲ್ಲಿಯೇ ಇದೆ. ಸಂಕೋಚಪಡುವವನ ದೃಷ್ಟಿ ಸದಾ ತನ್ನ ಮೇಲೆಯೇ ನೆಟ್ಟಿರುತ್ತದೆ: ‘ನಾನು ಹೇಗೆ ಕಾಣಿಸುತ್ತಿರುವೆ?’ ಎದುರಿಗೆ ಒಬ್ಬ ಕೇಳುಗ ಕುಳಿತು ಕಥೆಗೆ ಕಿವಿಗೊಟ್ಟಾಗ ಆ ಪ್ರಶ್ನೆ ಹಿಂದೆ ಸರಿದು ‘ಇದು ಅವಳಿಗೆ ಮುಟ್ಟುತ್ತಿದೆಯೇ?’ ಎಂಬುದು ಮುಂದೆ ಬರುತ್ತದೆ. ಗಮನ ತನ್ನಿಂದ ಕೃತಿಗೆ, ಕೃತಿಯಿಂದ ಕೇಳುಗಳಿಗೆ ಹೊರಳುತ್ತದೆ. ಧೈರ್ಯ ತಂದುಕೊಂಡ ಮೇಲೆ ಬರೆಯೋಣವೆಂದು ಕಾಯುತ್ತ ಕುಳಿತವನಿಗೆ ಆ ಧೈರ್ಯ ಬರುವುದೇ ಇಲ್ಲ. ಹೇಳತೊಡಗಿದವನಿಗೆ ಹೇಳುವಷ್ಟರಲ್ಲಿಯೇ ಅದು ಒದಗುತ್ತದೆ.

ಆದರೆ ಮುದ್ದಣನ ಗೆಲುವು ಪುಸ್ತಕದ ಒಳಗೇ ಉಳಿಯಿತು. ಹೊರಗಿನ ಲೋಕಕ್ಕೆ ಅವನು ತನ್ನ ಹೆಸರು ತೋರಲಿಲ್ಲ. ಆದ್ದರಿಂದ ಅವನ ಕೃತಿಗೆ ಸಲ್ಲಬೇಕಾದ ಮೆಚ್ಚುಗೆ ಜೀವಂತ ಕವಿಯ ಕಿವಿಗೆ ಬೀಳಲಿಲ್ಲ. ವಿದ್ವಾಂಸರು ತಿದ್ದಬಹುದಾಗಿದ್ದ ಮಾತುಗಳೂ ಅವನನ್ನು ತಲುಪಲಿಲ್ಲ. ಬದುಕಿರುವಾಗಲೇ ‘ಇದು ನನ್ನದು’ ಎನ್ನುವ ಅವಕಾಶವನ್ನು ಅವನು ಬಳಸಿಕೊಳ್ಳಲಿಲ್ಲ. ಇದು ಅವನಿಗಷ್ಟೇ ಅಲ್ಲ, ಕನ್ನಡಕ್ಕೂ ಆದ ನಷ್ಟ.

ಹಾಗಾದರೆ ಹೊಣೆ ಬರೆಯುವವನದು ಮಾತ್ರವೇ? ಮನೋರಮೆಯನ್ನು ಮತ್ತೊಮ್ಮೆ ನೋಡಿರಿ. ಅವಳು ಹೊಗಳಿ ಅಟ್ಟಕ್ಕೇರಿಸುವುದಿಲ್ಲ, ಗಂಡನ ಯೋಗ್ಯತೆಯನ್ನು ಹೀಗಳೆಯುವುದೂ ಇಲ್ಲ. ತಿಳಿಯದಿದ್ದರೆ ತಿಳಿಯಲಿಲ್ಲ ಎನ್ನುತ್ತಾಳೆ, ರುಚಿಸದಿದ್ದರೆ ಕೆಣಕುತ್ತಾಳೆ. ಆದರೂ ಎದ್ದುಹೋಗದೆ ಕೇಳುತ್ತಾಳೆ. ನಮ್ಮ ಮನೆಗಳಲ್ಲಿ ಮಗಳು ನೋಟುಪುಸ್ತಕದಲ್ಲಿ ಬರೆದ ಕವಿತೆಯನ್ನು ಬಚ್ಚಿಡುತ್ತಿರಬಹುದು; ಅಜ್ಜ ತಾನು ಕಟ್ಟಿದ ಹಾಡನ್ನು ಒಳಗೊಳಗೇ ಗುನುಗುತ್ತಿರಬಹುದು. ಧರ್ಮಕೇಂದ್ರದ ವಾರ್ಷಿಕೋತ್ಸವದ ವೇದಿಕೆಗೆ ಅವರನ್ನು ಒಮ್ಮೆಗೇ ತಳ್ಳಬೇಕಾಗಿಲ್ಲ. ರಾತ್ರಿ ಊಟದ ಬಳಿಕ ದೂರದರ್ಶನವನ್ನು ಆರಿಸಿ, ಪೂರ್ತಿಯಾಗಿ ಕೇಳಿ, ತಿಳಿಯದ ಒಂದು ಸಾಲಿನ ಅರ್ಥವನ್ನು ವಿಚಾರಿಸಿದರೆ ಸಾಕು. ಹೊಗಳಿಕೆಗಿಂತ ಅಂಥ ಪ್ರಶ್ನೆಯೇ ಬರೆಯುವವರಿಗೆ ಹೆಚ್ಚಿನ ಗೌರವ. ಮುಂದಿನ ಕವಿತೆ ಹುಟ್ಟುವುದೂ ಅದರಿಂದಲೇ.